‘ರಾತ್ರೋರಾತ್ರಿ ಸ್ಟಾರ್’ ಆಗುವುದು ನಿಜವೇ? ಹಳ್ಳಿಯ ಹಾಡುಗಾರರು ಬೆಳೆಯುವ ದಾರಿ ಯಾವುದು?

‘ನಿನ್ನೆ ಕುರಿ ಕಾಯುತ್ತಿದ್ದ ಹುಡುಗ ಇವತ್ತು ದೊಡ್ಡ ಸ್ಟಾರ್! ಪ್ರತಿಭೆ ಇದ್ದರೆ ಯಾರೂ ತಡೆಯಲಾರರು. ನಿಮ್ಮ ಎಲ್ಲಾ ಗ್ರೂಪ್‌ಗಳಿಗೂ ಕಳಿಸಿ.’ ಇಂಥ ಮೆಸೇಜು ನಿಮ್ಮ ಫೋನಿಗೂ ಬಂದಿರುತ್ತದೆ. ಜೊತೆಗೆ ಒಂದು ವಿಡಿಯೊ ಇರುತ್ತದೆ. ಹೊಲದ ಬದುವಿನ ಮೇಲೆ ನಿಂತು ಯಾರೋ ಹಾಡುತ್ತಿರುತ್ತಾರೆ. ದನಿ ಚೆನ್ನಾಗಿರುತ್ತದೆ, ನಾವೂ ಫಾರ್ವರ್ಡ್ ಮಾಡುತ್ತೇವೆ.

ಇಂಥದ್ದೇ ಒಂದು ಮೆಸೇಜನ್ನು ಓದುಗರೊಬ್ಬರು ನಮಗೆ ಕಳಿಸಿದ್ದರು. ಅವರು ರಾಯಚೂರು ಜಿಲ್ಲೆಯ ಮಸ್ಕಿ ಭಾಗದ ವಳಕಮದಿನ್ನಿ ಕಡೆಯವರು. ಕೆಳಗೆ ಒಂದು ಪ್ರಶ್ನೆ ಬರೆದಿದ್ದರು: ‘ನಮ್ಮ ತಮ್ಮ ಭಜನಿ ಪದ ಭಾಳ ಚಲೋ ಹಾಡ್ತಾನ್ರಿ. ಡಿಗ್ರಿ ಎರಡನೇ ವರ್ಷ. ಇದನ್ನ ನೋಡಿ ಕಾಲೇಜು ಬಿಡ್ತೀನಿ ಅಂತಾನ. ಒಬ್ರು ಫೋನ್ ಮಾಡಿ ಆಲ್ಬಂ ಮಾಡಿಸ್ತೀವಿ, ಟಿವ್ಯಾಗ ಬರಸ್ತೀವಿ, ಮೊದಲ 25 ಸಾವಿರ ಕಳಸ್ರಿ ಅಂದಾರ. ಕಳಸಬೇಕೋ ಬ್ಯಾಡೋ?’

ದುಡ್ಡಿನ ಪ್ರಶ್ನೆಗೆ ಉತ್ತರ ಸುಲಭ: ಕಳಿಸಬೇಡಿ. ಆದರೆ ಆ ಹುಡುಗನ ಆಸೆಗೆ ಏನು ಹೇಳುವುದು? ಹೆಸರೇ ಗೊತ್ತಿಲ್ಲದ ಊರಿನಿಂದ ಬಂದು ನಾಡೆಲ್ಲ ಗುರುತಿಸುವ ಹಾಡುಗಾರರಾದವರು ನಮ್ಮಲ್ಲಿ ಇದ್ದಾರೆ. ಅವರು ಬೆಳೆದದ್ದು ಹೇಗೆ? ಆ ಫಾರ್ವರ್ಡ್‌ನಲ್ಲಿ ನಿಜವೆಷ್ಟು? ನೋಡೋಣ.

ಚುಟುಕಾಗಿ ಹೇಳುವುದಾದರೆ

• ‘ರಾತ್ರೋರಾತ್ರಿ’ ಬರುವುದು ಸುದ್ದಿ. ಹಾಡಿಕೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ.
• ಪ್ರತಿಭೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಅದೃಷ್ಟದ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು.
• ವೈರಲ್ ಆಗುವುದೂ ಹಾಡಿನಿಂದ ಬದುಕು ಕಟ್ಟಿಕೊಳ್ಳುವುದೂ ಬೇರೆ ಬೇರೆ.
• ಹಾಡುಗಾರರ ಹೆಸರಿಲ್ಲದೆ ನಾವು ಕಳಿಸುವ ವಿಡಿಯೊ ಅವರಿಗೆ ಸಹಾಯ ಮಾಡುವುದಿಲ್ಲ.

ನಂಬಿಕೆ 1: ‘ಒಂದೇ ದಿನದಲ್ಲಿ ಸ್ಟಾರ್ ಆದರು’

ಕುರಿ ಕಾಯುವ ಹುಡುಗನ ಕತೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಹನುಮಂತ ಲಮಾಣಿ. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯವರು. ಕುರಿ ಕಾಯುತ್ತ ಜನಪದ ಗೀತೆ, ತತ್ವಪದ ಹಾಡುತ್ತಿದ್ದವರು. ಜೀ ಕನ್ನಡದ ‘ಸರಿಗಮಪ’ದ 15ನೇ ಸೀಸನ್‌ಗೆ ಬಂದು 2019ರಲ್ಲಿ ರನ್ನರ್ ಅಪ್ ಆದರು. 2024ರಲ್ಲಿ ‘ಬಿಗ್ ಬಾಸ್ ಕನ್ನಡ’ದ 11ನೇ ಸೀಸನ್‌ಗೆ ವೈಲ್ಡ್ ಕಾರ್ಡ್ ಮೂಲಕ ಹೋಗಿ, 2025ರ ಜನವರಿಯಲ್ಲಿ ಗೆದ್ದರು.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಟಿವಿಯ ವೇದಿಕೆ ಹತ್ತುವ ಹೊತ್ತಿಗೆ ಅವರ ಗಂಟಲು ಪಳಗಿತ್ತು. ನಾವು ಅವರನ್ನು ಅಂದು ಮೊದಲ ಸಲ ಕೇಳಿದೆವು ಎಂದರೆ ಅವರು ಅಂದೇ ಹಾಡಲು ಶುರುಮಾಡಿದರು ಎಂದಲ್ಲ. ಎರಡು, ಮೊದಲ ವೇದಿಕೆಗೂ ಎರಡನೇ ದೊಡ್ಡ ಗೆಲುವಿಗೂ ನಡುವೆ ಸುಮಾರು ಆರು ವರ್ಷ ಇದೆ. ಫಾರ್ವರ್ಡ್‌ಗೆ ಎರಡೇ ಫೋಟೊ ಬೇಕು: ಕುರಿಗಳ ಜೊತೆ ಒಂದು, ಟ್ರೋಫಿ ಜೊತೆ ಇನ್ನೊಂದು. ನಡುವಿನ ವರ್ಷಗಳಿಗೆ ಅದರಲ್ಲಿ ಜಾಗವಿಲ್ಲ.

ಹಿಂದಿನ ಕಾಲದ ಕತೆಯೂ ಹೀಗೆಯೇ. ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನ್ ಅವರ ಗ್ರಾಮಾಫೋನ್ ತಟ್ಟೆ ಕೇಳಿ ಮರುಳಾದರು. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಉತ್ತರ ಭಾರತವೆಲ್ಲ ಸುತ್ತಿ ಬಂದರು. ಕೊನೆಗೆ ಗುರು ಸಿಕ್ಕಿದ್ದು ತಮ್ಮ ಸೀಮೆಯಲ್ಲೇ, ಕುಂದಗೋಳದ ಸವಾಯಿ ಗಂಧರ್ವರು. ಅವರ ಹೆಸರು ದೊಡ್ಡದಾಗಿ ಕೇಳಿಬಂದದ್ದು 1946ರಲ್ಲಿ, ಗುರುಗಳ 60ನೇ ಹುಟ್ಟುಹಬ್ಬದ ಪುಣೆ ಕಛೇರಿಯ ನಂತರ. ಮನೆ ಬಿಟ್ಟ 13 ವರ್ಷದ ಮೇಲೆ. ಆ ಕಛೇರಿ ಕೇಳಿದವರಿಗೆ ಮಾತ್ರ ಅವರು ‘ಒಂದೇ ರಾತ್ರಿಯಲ್ಲಿ’ ಬೆಳಗಿದ ಗಾಯಕ.

‘ಭೀಮಸೇನರೇ ಮನೆ ಬಿಟ್ಟರಲ್ಲ, ನಾನು ಕಾಲೇಜು ಬಿಟ್ಟರೇನು?’ ಎಂದು ಆ ಹುಡುಗ ಕೇಳಬಹುದು. ಅವರು ಮನೆ ಬಿಟ್ಟದ್ದು ಕಲಿಯುವುದಕ್ಕೆ. ವೈರಲ್ ಆಗುವುದಕ್ಕೆ ಕಾಲೇಜು ಬಿಡುವುದು ಬೇರೆ ಮಾತು.

ನಂಬಿಕೆ 2: ‘ಪ್ರತಿಭೆ ಇದ್ದರೆ ಯಾರೂ ತಡೆಯಲಾರರು’

ಇದು ಕೇಳಲು ಹಿತವಾದ ಮಾತು. ಇದನ್ನು ವಿಜ್ಞಾನಿಗಳು ಪರೀಕ್ಷೆಗೇ ಒಡ್ಡಿದ್ದಾರೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಒಂದು ವೆಬ್‌ಸೈಟ್ ಮಾಡಿದರು. ಯಾರೂ ಹೆಸರು ಕೇಳಿರದ ಬ್ಯಾಂಡ್‌ಗಳ 48 ಹಾಡುಗಳನ್ನು ಅದರಲ್ಲಿ ಇಟ್ಟರು. ಒಟ್ಟು 14,341 ಜನ ಬಂದು ಹಾಡು ಕೇಳಿದರು, ಬೇಕಾದ್ದನ್ನು ಡೌನ್‌ಲೋಡ್ ಮಾಡಿಕೊಂಡರು.

ಉಪಾಯ ಇದ್ದದ್ದು ಇಲ್ಲಿ. ಒಂದು ಗುಂಪಿನವರಿಗೆ ಹಾಡಿನ ಹೆಸರು, ಬ್ಯಾಂಡಿನ ಹೆಸರು ಮಾತ್ರ ಕಾಣುತ್ತಿತ್ತು. ಬೇರೆಯವರು ಏನು ಆರಿಸಿದರು ಎಂಬುದು ಗೊತ್ತಾಗುತ್ತಿರಲಿಲ್ಲ. ಉಳಿದವರನ್ನು ಎಂಟು ಬೇರೆ ಬೇರೆ ಗುಂಪುಗಳಿಗೆ ಹಂಚಿದ್ದರು. ಅಲ್ಲಿ ಪ್ರತಿ ಹಾಡನ್ನು ತಮ್ಮ ಗುಂಪಿನಲ್ಲಿ ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಎಂಬ ಲೆಕ್ಕ ಕಾಣುತ್ತಿತ್ತು, ಯೂಟ್ಯೂಬ್‌ನಲ್ಲಿ ಇವತ್ತು ವ್ಯೂಸ್ ಕಾಣುವ ಹಾಗೆ.

ಪ್ರತಿಭೆಯೇ ಎಲ್ಲವೂ ಆಗಿದ್ದರೆ ಎಂಟೂ ಗುಂಪಿನಲ್ಲಿ ಒಂದೇ ಹಾಡು ಗೆಲ್ಲಬೇಕಿತ್ತು. ಹಾಗಾಗಲಿಲ್ಲ. ಬೇರೆಯವರ ಲೆಕ್ಕ ಕಾಣದ ಗುಂಪಿನಲ್ಲಿ 26ನೇ ಸ್ಥಾನದಲ್ಲಿದ್ದ ಒಂದು ಹಾಡು, ಲೆಕ್ಕ ಕಾಣುವ ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಇನ್ನೊಂದು ಗುಂಪಿನಲ್ಲಿ ಅದೇ ಹಾಡು 40ನೇ ಸ್ಥಾನಕ್ಕೆ ಬಿತ್ತು. ಹಾಡೂ ಅದೇ, ದನಿಯೂ ಅದೇ. ಮೊದಲು ಬಂದ ಕೆಲವರು ಯಾವುದನ್ನು ಒತ್ತಿದರು ಎಂಬುದು ಬೇರೆಯಾಗಿತ್ತು, ಅಷ್ಟೆ. ಹೆಚ್ಚು ಡೌನ್‌ಲೋಡ್ ಆದವನ್ನು ಮೇಲಿಟ್ಟು ಪಟ್ಟಿ ಮಾಡಿ ತೋರಿಸಿದಾಗ ಗೆದ್ದ ಹಾಡಿಗೂ ಸೋತ ಹಾಡಿಗೂ ಇದ್ದ ಅಂತರ ಇನ್ನೂ ಹಿಗ್ಗಿತು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಹಾಗಾದರೆ ಎಲ್ಲವೂ ಅದೃಷ್ಟವೇ? ಅಲ್ಲ. ಅದೇ ಪ್ರಯೋಗದಲ್ಲಿ, ತುಂಬ ಚೆನ್ನಾಗಿದ್ದ ಹಾಡುಗಳು ತೀರಾ ಕೆಳಕ್ಕೆ ಬೀಳುವುದು ಅಪರೂಪವಾಗಿತ್ತು. ತೀರಾ ಸಪ್ಪೆ ಹಾಡುಗಳು ಮೇಲೇಳುವುದೂ ಅಪರೂಪವಾಗಿತ್ತು. ನಡುವಿನ ಬಹುಪಾಲು ಹಾಡುಗಳ ಗತಿ ಏನಾಗುತ್ತದೆ ಎಂದು ಮಾತ್ರ ಯಾರೂ ಮೊದಲೇ ಹೇಳುವಂತಿರಲಿಲ್ಲ.

ಜಾತ್ರೆಯಲ್ಲಿ ಎರಡು ಮಿರ್ಚಿ ಅಂಗಡಿ ಅಕ್ಕಪಕ್ಕ ಇದ್ದರೆ ನಾವು ಎಲ್ಲಿಗೆ ಹೋಗುತ್ತೇವೆ? ಜನ ಸೇರಿರುವ ಕಡೆಗೆ. ಮೊದಲು ನಾಲ್ಕು ಜನ ಅಲ್ಲಿ ಯಾಕೆ ನಿಂತರು ಎಂದು ಕೇಳುವುದಿಲ್ಲ. ಹಾಡಿನ ವಿಷಯದಲ್ಲೂ ಇದೇ ನಡೆಯುತ್ತದೆ.

ನಂಬಿಕೆ 3: ‘10,000 ತಾಸು ಅಭ್ಯಾಸ ಮಾಡಿದರೆ ಯಾರಾದರೂ ದೊಡ್ಡ ಗಾಯಕರಾಗಬಹುದು’

ಇದು ಮೋಟಿವೇಶನ್ ವಿಡಿಯೊಗಳ ಅಚ್ಚುಮೆಚ್ಚಿನ ಸಾಲು. ಇದರ ಮೂಲ 1993ರ ಒಂದು ಅಧ್ಯಯನ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳು ಎಷ್ಟು ಅಭ್ಯಾಸ ಮಾಡಿದ್ದಾರೆ ಎಂದು ಲೆಕ್ಕ ಹಾಕಿದ್ದರು. ಅತ್ಯುತ್ತಮ ಗುಂಪಿನವರು 20 ವರ್ಷ ತುಂಬುವ ಹೊತ್ತಿಗೆ ಸರಾಸರಿ 10,000 ತಾಸು ಅಭ್ಯಾಸ ಮಾಡಿದ್ದರು. 2008ರಲ್ಲಿ ಮಾಲ್ಕಮ್ ಗ್ಲಾಡ್‌ವೆಲ್ ತಮ್ಮ ಪುಸ್ತಕದಲ್ಲಿ ಇದನ್ನು ಒಂದು ನಿಯಮದಂತೆ ಬರೆದರು. ಅದು ಲೋಕವೆಲ್ಲ ಹರಡಿತು.

ಆದರೆ ಅದು ಸರಾಸರಿ, ಗಡಿಗೆರೆ ಅಲ್ಲ. ಅಷ್ಟು ತಾಸು ಮುಟ್ಟದವರೂ ಆ ಅತ್ಯುತ್ತಮ ಗುಂಪಿನಲ್ಲಿದ್ದರು. ತಮ್ಮ ಅಧ್ಯಯನವನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಲಾಗಿದೆ ಎಂದು ಎರಿಕ್ಸನ್ ಅವರೇ ಮುಂದೆ ಹೇಳಿದರು. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಶೇ 21ರಷ್ಟನ್ನು ಮಾತ್ರ ಅಭ್ಯಾಸದಿಂದ ವಿವರಿಸಬಹುದು ಎಂದು ಕಂಡುಬಂತು.

ಇದರರ್ಥ ರಿಯಾಜ್ ಬೇಡ ಎಂದಲ್ಲ. ರಿಯಾಜ್ ಮಾಡದೆ ದೊಡ್ಡವರಾದವರಿಲ್ಲ. ಆದರೆ ಎಷ್ಟೋ ವರ್ಷ ದುಡಿದೂ ಹೆಸರು ಬರದವರನ್ನು ನೋಡಿ ‘ಅವನು ಕಷ್ಟಪಡಲಿಲ್ಲ’ ಎನ್ನುವುದು ಅನ್ಯಾಯ. ಕಲಿಸುವ ಗುರು, ಕಲಿಯುವ ವಯಸ್ಸು, ಮನೆಯ ಸ್ಥಿತಿ, ಹುಟ್ಟಿನಿಂದ ಬಂದ ಗುಣ, ಸಿಕ್ಕ ಅವಕಾಶ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸಿದರು. ಮಕ್ಕಳಲ್ಲಿ ಪ್ರತಿಭೆ ಮೊದಲೇ ಇತ್ತು. ಆದರೆ ಎರಡು ಹೊತ್ತಿನ ಊಟ ಮತ್ತು ಒಬ್ಬ ಗುರು ಸಿಗದಿದ್ದರೆ ಆ ಪ್ರತಿಭೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಪ್ರತಿ ಕಾಲಕ್ಕೂ ಒಂದು ಬಾಗಿಲು

ಪ್ರತಿಭೆ, ರಿಯಾಜ್, ಅದೃಷ್ಟದ ಜೊತೆ ನಾಲ್ಕನೆಯದೊಂದು ಬೇಕು: ಊರಾಚೆಗೆ ದನಿ ಒಯ್ಯುವ ಬಾಗಿಲು. ಅದು ಕಾಲಕಾಲಕ್ಕೆ ಬದಲಾಗಿದೆ.

ಗ್ರಾಮಾಫೋನ್: 1930ರ ದಶಕದ ಆರಂಭದಲ್ಲಿ ಗಂಗೂಬಾಯಿ ಹಾನಗಲ್ ಅವರ ಹಾಡನ್ನು ಎಚ್ಎಂವಿ ಕಂಪನಿ ಮುಂಬೈಯಲ್ಲಿ ಮುದ್ರಿಸಿಕೊಂಡಿತು. ಆ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದಿತ್ತು. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ತಾಸುಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಹಿಡಿದಿಡಬೇಕಿತ್ತು. ಹಾಡನ್ನು ಚಿಕ್ಕದು ಮಾಡುವ ಒತ್ತಡ ರೀಲ್ಸ್‌ನಿಂದ ಶುರುವಾದದ್ದಲ್ಲ.

ರೇಡಿಯೊ: ಧಾರವಾಡ ಆಕಾಶವಾಣಿ 1950ರಲ್ಲಿ, ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾದವು. ಆಕಾಶವಾಣಿಯಲ್ಲಿ ಹಾಡಬೇಕಾದರೆ ಧ್ವನಿ ಪರೀಕ್ಷೆ ಪಾಸಾಗಬೇಕು. ಬಿ, ಬಿ ಹೈ, ಎ, ಟಾಪ್ ಎಂದು ದರ್ಜೆ ಕೊಡುತ್ತಾರೆ. ದರ್ಜೆ ಸಿಕ್ಕವರಿಗೆ ಸಂಭಾವನೆಯೂ ಬರುತ್ತಿತ್ತು, ಊರಲ್ಲಿ ಮರ್ಯಾದೆಯೂ ಬರುತ್ತಿತ್ತು.

ಕ್ಯಾಸೆಟ್: 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾಯಿತು. ಮುದ್ರಣಕ್ಕೆ ಮುಂಬೈಗೇ ಹೋಗಬೇಕೆಂಬುದು ತಪ್ಪಿತು. ಉತ್ತರ ಕರ್ನಾಟಕದ ಮಾತಿನಲ್ಲೇ ಇದ್ದ ಜನಪದ ಹಾಡುಗಳು ಬಸ್ಸು, ಲಾರಿ, ಟ್ರ್ಯಾಕ್ಟರ್, ಚಾದಂಗಡಿಗಳಲ್ಲಿ ಕೇಳಿಸತೊಡಗಿದವು. ಗುರುರಾಜ ಹೊಸಕೋಟೆಯವರಂಥ ಜನಪದ ಗಾಯಕರು ಮನೆಮಾತಾದದ್ದು ಹೀಗೆ.

ಟಿವಿ: ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’, ಆಮೇಲೆ ‘ಸರಿಗಮಪ’ದಂಥ ಕಾರ್ಯಕ್ರಮಗಳು ಹೊಸ ದನಿಗಳನ್ನು ಮನೆಮನೆಗೆ ತಂದವು. ಆದರೆ ಟಿವಿಗೆ ದನಿಯ ಜೊತೆ ಕತೆಯೂ ಬೇಕು. ‘ಕುರಿಗಾಹಿ’, ‘ಕೂಲಿ ಕಾರ್ಮಿಕನ ಮಗಳು’ ಎಂಬ ಪರಿಚಯ ಜನರನ್ನು ಹಿಡಿದು ಕೂರಿಸುತ್ತದೆ. ಅಷ್ಟೇ ಚೆನ್ನಾಗಿ ಹಾಡಿದರೂ ಹೇಳಿಕೊಳ್ಳಲು ಕತೆ ಇಲ್ಲದವರು ಹಿಂದೆ ಉಳಿಯುವುದುಂಟು.

ಯೂಟ್ಯೂಬ್: ಈಗ ಯಾರ ಅಪ್ಪಣೆಯೂ ಬೇಡ, ಫೋನ್ ಇದ್ದರೆ ಸಾಕು. ಮಾಳು ನಿಪನಾಳ, ಬಾಳು ಬೆಳಗುಂದಿ ಅವರಂಥ ಉತ್ತರ ಕರ್ನಾಟಕದ ಹಾಡುಗಾರರಿಗೆ ಮೊದಲು ಜನ ಸಿಕ್ಕಿದ್ದು ಯೂಟ್ಯೂಬ್‌ನಲ್ಲಿ. ದೊಡ್ಡ ಟಿವಿ ಕಾರ್ಯಕ್ರಮಗಳು ಅವರನ್ನು ಕರೆದದ್ದು ಆಮೇಲೆ. ಹಿಂದೆ ಟಿವಿಗೆ ಹೋದರೆ ಜನ ಸಿಗುತ್ತಿದ್ದರು, ಈಗ ಜನ ಇದ್ದರೆ ಟಿವಿ ಸಿಗುತ್ತದೆ.

ಬಾಗಿಲು ಅಗಲವಾದಷ್ಟೂ ನುಗ್ಗುವವರೂ ಹೆಚ್ಚು. ಆಗ ಕಷ್ಟ ಹಾಡು ಮುದ್ರಿಸುವುದರಲ್ಲಿತ್ತು. ಈಗ ಕಷ್ಟ ಅಷ್ಟು ಹಾಡುಗಳ ನಡುವೆ ಕೇಳಿಸಿಕೊಳ್ಳುವುದರಲ್ಲಿದೆ.

ನಮಗೆ ಕಾಣದವರ ಲೆಕ್ಕ

ಮುಂಗಾರಿನಲ್ಲಿ ಬಿತ್ತಿದ ಜೋಳ ಎಷ್ಟು ಹುಟ್ಟಿತು ಎಂದು ನೋಡಲು ಹೋದವರು ತೆನೆಗಳನ್ನಷ್ಟೇ ಎಣಿಸಿ ಬಂದು ‘ಬಿತ್ತಿದ್ದೆಲ್ಲ ಬಂದದ’ ಎಂದರೆ ಒಪ್ಪುತ್ತೀರಾ? ಮೊಳೆಯದ ಕಾಳು ಮಣ್ಣಿನ ಒಳಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಯಶಸ್ಸಿನ ಫಾರ್ವರ್ಡ್‌ಗಳೂ ಹೀಗೆ ತೆನೆ ಮಾತ್ರ ಎಣಿಸುತ್ತವೆ. ಗೆದ್ದವರನ್ನಷ್ಟೇ ನೋಡಿ ಗೆಲುವಿನ ಗುಟ್ಟು ಹೇಳುವ ಈ ತಪ್ಪನ್ನು ಸಂಶೋಧಕರು ‘ಉಳಿದವರ ಪಕ್ಷಪಾತ’ ಎನ್ನುತ್ತಾರೆ.

ಹನುಮಂತ ಅವರಷ್ಟೇ ಚೆನ್ನಾಗಿ ಹಾಡಿ ಆಡಿಷನ್‌ನಿಂದಲೇ ಮನೆಗೆ ಮರಳಿದವರ ಬಗ್ಗೆ ಫಾರ್ವರ್ಡ್ ಬರುವುದಿಲ್ಲ. ಮುದಗಲ್ಲಿನ ಮೊಹರಂ ಹೊತ್ತಿಗೆ ಪದ ಹಾಡುವವರ, ಅಮಾವಾಸ್ಯೆಗೆ ಗುಡಿಯಲ್ಲಿ ರಾತ್ರಿಯಿಡೀ ಭಜನೆ ಮಾಡುವವರ, ಡೊಳ್ಳಿನ ಪದ ಕಟ್ಟುವವರ ಬಗ್ಗೆಯೂ ಬರುವುದಿಲ್ಲ. ಅವರು ಸೋತವರಲ್ಲ. ತಮ್ಮ ಊರಿನವರಿಗಾಗಿ ಹಾಡುವುದೂ ಹಾಡುಗಾರರ ಬದುಕೇ.

ವೈರಲ್ ಆದಮೇಲೆ ಏನಾಗುತ್ತದೆ?

2019ರಲ್ಲಿ ಪಶ್ಚಿಮ ಬಂಗಾಳದ ರಾಣಾಘಾಟ್ ರೈಲು ನಿಲ್ದಾಣದಲ್ಲಿ ಹಾಡುತ್ತಿದ್ದ ರಾನು ಮಂಡಲ್ ಅವರ ವಿಡಿಯೊ ದೇಶವೆಲ್ಲ ಓಡಾಡಿತು. ಹಿಮೇಶ್ ರೇಶಮಿಯಾ ಅವರಿಂದ ಸಿನಿಮಾ ಹಾಡು ಹಾಡಿಸಿದರು. ಕೆಲವೇ ತಿಂಗಳಲ್ಲಿ ಮಾತು ಹಾಡಿನಿಂದ ಜಾರಿ ಅವರ ಮೇಕಪ್ ಮೇಲಿನ ಮೀಮ್‌ಗಳಿಗೆ ಇಳಿಯಿತು. ಹೊಗಳಿದ ವೇಗದಲ್ಲೇ ನಾವು ಗೇಲಿಯನ್ನೂ ಫಾರ್ವರ್ಡ್ ಮಾಡಿದೆವು.

ಬಂಗಾಳದ ಬೀರಭೂಮ್ ಜಿಲ್ಲೆಯಲ್ಲಿ ಶೇಂಗಾ ಮಾರುತ್ತ ಹಾಡು ಕಟ್ಟಿದ ಭುವನ್ ಬದ್ಯಾಕರ್ ಅವರ ‘ಕಚ್ಚಾ ಬಾದಾಮ್’ ಹಾಡಿಗೆ 2022ರ ಹೊತ್ತಿಗೆ ಹಳ್ಳಿ ಪಟ್ಟಣವೆನ್ನದೆ ಜನ ಕುಣಿದರು. ತಮ್ಮದೇ ಹಾಡನ್ನು ಹಾಡಿ ಹಾಕಿದರೆ ಕಾಪಿರೈಟ್ ತಕರಾರು ಬರುತ್ತಿದೆ ಎಂದು 2023ರಲ್ಲಿ ಅವರೇ ಮಾಧ್ಯಮದವರ ಮುಂದೆ ನೋವು ಹೇಳಿಕೊಂಡರು.

ಹೀಗಾಗಲು ಕಾರಣ ತಿಳಿದಿರಲಿ. ಯಾವುದೇ ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿರುತ್ತವೆ: ಸಾಹಿತ್ಯ ಬರೆದವರದು, ರಾಗ ಹಾಕಿದವರದು, ಹಾಡಿದವರದು, ರೆಕಾರ್ಡಿಂಗ್‌ಗೆ ದುಡ್ಡು ಹಾಕಿದವರದು. ಎಲ್ಲವನ್ನೂ ಬರೆದುಕೊಟ್ಟು ಸಹಿ ಮಾಡಿದರೆ, ಹಾಡು ಕಂಪನಿಯ ಹೆಸರಿನಲ್ಲಿ ಯೂಟ್ಯೂಬ್‌ನಲ್ಲಿ ನೋಂದಣಿಯಾಗುತ್ತದೆ. ಆಮೇಲೆ ಹಾಡಿದವರೇ ಹಾಕಿದರೂ ಯಂತ್ರ ಅದನ್ನು ಹಿಡಿಯುತ್ತದೆ. ಯಂತ್ರಕ್ಕೆ ಗೊತ್ತಿರುವುದು ಕಾಗದದಲ್ಲಿರುವ ಮಾಲೀಕರ ಹೆಸರು ಮಾತ್ರ.

ದುಡ್ಡು ಎಲ್ಲಿಂದ ಬರುತ್ತದೆ?

‘ಲಕ್ಷ ವ್ಯೂಸ್ ಎಂದರೆ ಲಕ್ಷ ರೂಪಾಯಿ’ ಎಂದು ನಂಬಿದವರಿದ್ದಾರೆ. ಹಾಗಿಲ್ಲ. ಯೂಟ್ಯೂಬ್ ಜಾಹೀರಾತಿನಲ್ಲಿ ಪಾಲು ಬೇಕಾದರೆ ಚಾನೆಲ್‌ಗೆ ಕನಿಷ್ಠ 1,000 ಚಂದಾದಾರರು ಇರಬೇಕು. ಜೊತೆಗೆ ಒಂದು ವರ್ಷದಲ್ಲಿ ಜನ 4,000 ತಾಸು ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಹಳ್ಳಿಯ ಹಾಡುಗಾರರಿಗೆ ಆನ್‌ಲೈನ್ ಹೆಸರು ಕೆಲಸಕ್ಕೆ ಬರುವುದು ಮುಖ್ಯವಾಗಿ ಕಾರ್ಯಕ್ರಮ ಸಿಗುವುದಕ್ಕೆ. ಜಾತ್ರೆ, ಗಣೇಶ ಹಬ್ಬ, ಮದುವೆ, ಆರ್ಕೆಸ್ಟ್ರಾಗಳಿಗೆ ಕರೆ ಬರುತ್ತದೆ. ಕರೆಯಬೇಕಾದರೆ ಹಾಡಿದವರು ಯಾರು, ಯಾವ ಊರು ಎಂದು ಜನಕ್ಕೆ ಗೊತ್ತಿರಬೇಕು. ಇಲ್ಲೇ ನಮ್ಮ ಫಾರ್ವರ್ಡ್ ಎಡವುವುದು.

ಹೆಸರು ಕಳಚಿದ ಹಾಡು

ವಾಟ್ಸಾಪ್‌ನಲ್ಲಿ ನಾವು ಕಳಿಸುವುದು ಹೆಚ್ಚಾಗಿ ಡೌನ್‌ಲೋಡ್ ಆದ ವಿಡಿಯೊ. ಅದು ಹತ್ತು ಸಾವಿರ ಜನರ ಫೋನಿಗೆ ಹೋದರೂ ಹಾಡಿದವರ ಚಾನೆಲ್‌ನಲ್ಲಿ ಒಂದು ವ್ಯೂ ಕೂಡ ಏರುವುದಿಲ್ಲ. ‘ಭಾಳ ಚಲೋ ಹಾಡೀರಿ’ ಎಂಬ ಮಾತು ಅವರಿಗೆ ತಲುಪುವುದಿಲ್ಲ. ನಡುವೆ ಯಾರೋ ಅದನ್ನು ಕತ್ತರಿಸಿ, ಹೆಸರು ಮರೆಮಾಡಿ, ತಮ್ಮ ಪೇಜಿನಲ್ಲಿ ಹಾಕಿಕೊಳ್ಳುತ್ತಾರೆ. ವ್ಯೂಸ್ ಅವರಿಗೆ ಹೋಗುತ್ತವೆ. ಹಾಡಿದವರು ‘ಯಾವುದೋ ಹಳ್ಳಿ ಹುಡುಗ’ ಆಗಿಯೇ ಉಳಿಯುತ್ತಾರೆ.

ಮೇಲಿನ ಪ್ರಯೋಗ ನೆನಪಿಸಿಕೊಳ್ಳಿ. ಮೊದಲ ಕೆಲವರು ಎತ್ತ ವಾಲುತ್ತಾರೆ ಎಂಬುದು ಹಾಡಿನ ಗತಿಯನ್ನು ಬದಲಿಸಿತ್ತು. ಹೊಸ ಹಾಡುಗಾರರ ಪಾಲಿಗೆ ಆ ಮೊದಲ ಕೆಲವರು ನಾವೇ. ನಾವು ಲಿಂಕ್ ಒತ್ತಿ ನೋಡಿದರೆ ಅವರ ಲೆಕ್ಕಕ್ಕೆ ಸೇರುತ್ತದೆ. ವಿಡಿಯೊ ಮಾತ್ರ ಹಂಚಿದರೆ ಸೇರುವುದಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ರಾಯಚೂರು ಸೀಮೆ ದಾಸರ ನಾಡು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಇಲ್ಲಿಯವರು. ಅವರ ಹಾಡು ಬಾಯಿಂದ ಬಾಯಿಗೆ ಹೋಗುತ್ತಿತ್ತು, ಅದೂ ಒಂದು ಬಗೆಯ ಫಾರ್ವರ್ಡೇ. ಆದರೆ ಪ್ರತಿ ಹಾಡಿನ ಕೊನೆಗೆ ‘ವಿಜಯ ವಿಠ್ಠಲ’, ‘ಗೋಪಾಲ ವಿಠ್ಠಲ’, ‘ಜಗನ್ನಾಥ ವಿಠ್ಠಲ’ ಎಂಬ ಅಂಕಿತ ಇರುತ್ತಿತ್ತು. ಅದು ದೇವರಿಗೆ ಅರ್ಪಿಸಿದ ಗುರುತು. ಹಾಡು ಯಾರದೆಂದು ಹೇಳುವ ಗುರುತೂ ಹೌದು. ವಚನಗಳಿಗೂ ಹಾಗೆಯೇ. ಹಾಡು ಎಲ್ಲಿಗೆ ಹೋದರೂ ಹೆಸರು ಅದರೊಳಗೇ ಹೋಗುತ್ತಿತ್ತು. ಅದರಿಂದಲೇ ಇಷ್ಟು ವರ್ಷದ ಮೇಲೂ ಯಾವ ಹಾಡು ಯಾರದು ಎಂದು ಹೇಳಬಲ್ಲೆವು. ಇವತ್ತಿನ ವಿಡಿಯೊದಲ್ಲಿ ಆ ಅಂಕಿತವನ್ನು ಅಳಿಸುವುದಕ್ಕೆ ಎರಡು ನಿಮಿಷ ಸಾಕು.

ಹಾಡುವವರು ಮನೆಯಲ್ಲಿದ್ದರೆ

ವಳಕಮದಿನ್ನಿ ಕಡೆಯ ಆ ಓದುಗರಿಗೆ ನಾವು ಹೇಳಿದ್ದು ಇಷ್ಟು. ನಿಮ್ಮ ಮನೆಯಲ್ಲೂ ಹಾಡುವವರಿದ್ದರೆ ಉಪಯೋಗಕ್ಕೆ ಬಂದೀತು.

• ಅವಕಾಶ ಕೊಡುತ್ತೇವೆ ಎಂದು ಮುಂಗಡ ಕೇಳಿದರೆ ಕೊಡಬೇಡಿ. ಹೆಸರಾಂತ ವಾಹಿನಿಗಳು ಆಡಿಷನ್‌ಗೆ ದುಡ್ಡು ಕೇಳುವುದಿಲ್ಲ. ಆಗಲೇ ಕಳಿಸಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಆನ್‌ಲೈನ್ ವಂಚನೆಯ ದೂರಿಗಾಗಿ ಇರುವ ಸರ್ಕಾರಿ ಸಹಾಯವಾಣಿ.
• ಓದು ಬಿಡಿಸಬೇಡಿ. ಡಿಗ್ರಿಯೂ ಹಾಡೂ ಒಟ್ಟಿಗೆ ಸಾಗಬಲ್ಲವು. ಹಾಡಿನ ಗಳಿಕೆ ಒಂದು ಸೀಸನ್ ಇದ್ದು ಇನ್ನೊಂದು ಸೀಸನ್ ಇರದೆ ಹೋಗಬಹುದು.
• ಒಬ್ಬ ಗುರುವನ್ನು ಹುಡುಕಿ. ಭಜನೆಯಲ್ಲಿ ಬಂದ ದನಿಗೆ ಶ್ರುತಿ, ತಾಳದ ಪಾಠ ಸೇರಿದರೆ ಅದು ಬಹಳ ಕಾಲ ಬಾಳುತ್ತದೆ.
• ಸ್ವಂತ ಚಾನೆಲ್ ಮಾಡಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಪ್ರತಿ ವಿಡಿಯೊದಲ್ಲಿ ಹಾಡಿದವರು, ಬರೆದವರು, ತಬಲಾ ಹಾರ್ಮೋನಿಯಂ ನುಡಿಸಿದವರ ಹೆಸರು ಹಾಕಿ. ಹಾಡುವ ಮೊದಲು ಹೆಸರು, ಊರು ಬಾಯಲ್ಲೇ ಹೇಳಿ. ಅದನ್ನು ಕತ್ತರಿಸುವುದು ಸ್ವಲ್ಪ ಕಷ್ಟ.
• ಓದದೆ ಸಹಿ ಮಾಡಬೇಡಿ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆದಿಲ್ಲದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ಲೆಕ್ಕ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು, ರಾಗ ಹಾಕಿದವರು ಹಕ್ಕು ಮಾರಿದರೂ ಅವರ ರಾಯಲ್ಟಿಯ ಪಾಲು ಕಂಪನಿಗೆ ಹೋಗುವುದಿಲ್ಲ. ಹಾಡಿದವರಿಗೂ ಕಾಯ್ದೆಯಲ್ಲಿ ಪ್ರತ್ಯೇಕ ಹಕ್ಕಿದೆ. ಸಂಶಯವಿದ್ದರೆ ಮೊದಲು ವಕೀಲರಿಗೆ ತೋರಿಸಿ.

ಕೇಳುವವರಾದ ನಮಗೆ ಇರುವ ಕೆಲಸ ಸಣ್ಣದು. ಹಾಡು ಇಷ್ಟವಾದರೆ ಅದರ ಮೂಲ ಲಿಂಕ್ ಹುಡುಕಿ ಕಳಿಸಿ. ಲಿಂಕ್ ಸಿಗದಿದ್ದರೆ ಹಾಡಿದವರ ಹೆಸರು, ಊರನ್ನಾದರೂ ಟೈಪ್ ಮಾಡಿ. ಹೆಸರು ಗೊತ್ತಿಲ್ಲದಿದ್ದರೆ ‘ಇವರು ಯಾರು?’ ಎಂದು ಗ್ರೂಪ್‌ನಲ್ಲಿ ಕೇಳಿ, ಯಾರಾದರೂ ಬಲ್ಲವರು ಹೇಳುತ್ತಾರೆ.

ಇದೇ ಜಿಲ್ಲೆಯಲ್ಲಿ ಜಂಬಲದಿನ್ನಿ ಎಂಬ ಊರಿದೆ. ಆ ಊರಿನ ಹೆಸರನ್ನು ತಮ್ಮ ಹೆಸರಿನ ಜೊತೆ ಒಯ್ದವರು ವಚನ ಗಾಯಕ ಸಿದ್ಧರಾಮ ಜಂಬಲದಿನ್ನಿ. ರಾಯಚೂರಿನ ರಂಗಮಂದಿರಕ್ಕೆ ಇವತ್ತು ಅವರದೇ ಹೆಸರಿದೆ. ಅವರ ದನಿ ಕೇಳದವರಿಗೂ ಆ ಹೆಸರು ಗೊತ್ತು, ಆ ಊರು ಗೊತ್ತು.

ಓದುಗರ ತಮ್ಮ ನಾಳೆ ದೊಡ್ಡ ಗಾಯಕರಾಗುತ್ತಾರೋ ಇಲ್ಲವೋ ಹೇಳಲು ನಮಗೂ ಬರುವುದಿಲ್ಲ, ಆ ಫೋನ್ ಮಾಡಿದವರಿಗೂ ಬರುವುದಿಲ್ಲ. ಓದುಗರು ದುಡ್ಡು ಕಳಿಸಲಿಲ್ಲ. ಕಳೆದ ವಾರ ತಮ್ಮ ಹಾಡಿದ ಒಂದು ಪದದ ಲಿಂಕ್ ಕಳಿಸಿದ್ದರು. ವಿಡಿಯೊದ ಮೊದಲ ಐದು ಸೆಕೆಂಡಿನಲ್ಲಿ ಆ ಹುಡುಗ ತನ್ನ ಹೆಸರು, ಊರು ಹೇಳುತ್ತಾನೆ. ಆಮೇಲೆ ಹಾಡುತ್ತಾನೆ.